ಸುಂಕದವನ ಮುಂದೆ ಸುಖದುಃಖ

ಊರಿನ ಹೆಸರು ಎಷ್ಟೋ ವೇಳೆ ಆ ಊರಿನ ಮೊದಲ ಚರಿತ್ರೆಯಾಗಿರುತ್ತದೆ. ಬೆಂಗಳೂರಿನ ಪಡುವಣ ದಿಕ್ಕಿಗೆ ಮಾಗಡಿ ರಸ್ತೆಯನ್ನು ಹಿಡಿದು, ಕಾಮಾಕ್ಷಿಪಾಳ್ಯವನ್ನು ದಾಟಿ, ಸುಮನಹಳ್ಳಿಯ ಕೂಡುರಸ್ತೆಯನ್ನು ಹಿಂದಿಕ್ಕಿ ಮುಂದೆ ಹೋದರೆ ದೊರೆಯುವ ಸುಂಕದಕಟ್ಟೆ ಅಂತಹ ಹೆಸರುಗಳಲ್ಲೊಂದು. ಪದವನ್ನು ಬಿಡಿಸಿದರೆ ಅರ್ಥವು ತಾನಾಗಿ ತೋರುತ್ತದೆ: ಸುಂಕವನ್ನೆತ್ತುವ ಕಟ್ಟೆ. ಕನ್ನಡದ ಹಳೆಯ ಶಾಸನಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಹೆಜ್ಜುಂಕ, ವಡ್ಡರಾವುಳ, ಪನ್ನಾಯ ಎಂದು ತೆರಿಗೆಗಳ ಹೆಸರುಗಳು ಚಾಳುಕ್ಯರ ಕಾಲದ ಕಲ್ಲುಗಳ ಮೇಲೆ ಸಾಲುಗಟ್ಟಿ ನಿಂತಿವೆ. ಹೇರನ್ನು ಇಳಿಸಿ, ಗಂಟನ್ನು ಬಿಚ್ಚಿಸಿ, ಒಳಗೇನಿದೆಯೆಂದು ನೋಡುವ ಅಧಿಕಾರ ಸುಂಕದವನದು. ಬಿಚ್ಚಿ ತೋರಿಸಬೇಕಾದ ಪಾಡು ದಾರಿಗನದು.

ಈ ಅನುಭವದಿಂದಲೇ ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಿರಬೇಕು. ಹೇಳಿಕೊಂಡದ್ದರಿಂದ ಸುಂಕವೇನೂ ಕಡಿಮೆಯಾಗದೆಂಬುದು ಅದರ ನೇರವಾದ ತಾತ್ಪರ್ಯ. ಆದರೆ ಗಾದೆಯ ಒಳಗೆ ಇನ್ನೊಂದು ಎಚ್ಚರಿಕೆಯೂ ಅಡಗಿದೆ. ಕೇಳಿಸಿಕೊಳ್ಳುವವನು ಯಾರು, ಕೇಳಿಸಿಕೊಂಡದ್ದನ್ನು ಅವನು ಏನು ಮಾಡುತ್ತಾನೆ ಎಂಬುದನ್ನು ತಿಳಿಯದೆ ಮನಸ್ಸನ್ನು ಬಿಚ್ಚಬಾರದು ಎಂಬುದೇ ಆ ಎಚ್ಚರಿಕೆ. ಎತ್ತಿನ ಹೇರುಗಳು ಮಾಗಡಿ ರಸ್ತೆಯಿಂದ ಮರೆಯಾಗಿವೆ. ಸುಂಕದ ಕಟ್ಟೆ ಮಾತ್ರ ಮರೆಯಾಗಿಲ್ಲ. ಅದು ಪ್ರತಿಯೊಬ್ಬರ ಅಂಗೈಯಲ್ಲಿರುವ ಸ್ಮಾರ್ಟ್‌ಫೋನಿನೊಳಕ್ಕೆ ಬಂದು ಸೇರಿದೆ. ಮಿಂಚಂಚೆ, ಎಂದರೆ ಎಲ್ಲರೂ ಇ-ಮೇಲ್ ಎಂದು ಕರೆಯುವ ಓಲೆ, ಈಗ ಅದರ ಮುಂದೆಯೇ ಹಾದುಹೋಗುತ್ತದೆ.

ಮಿಂಚಂಚೆಯ ಇತಿಹಾಸ ದೀರ್ಘವಾದುದೇನಲ್ಲ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಯಂತ್ರವಿದ್ಯಾ ನಿಪುಣರು ಒಂದು ಗಣಕದಿಂದ ಮತ್ತೊಂದಕ್ಕೆ ಜಾಲದ ಮೂಲಕ ಓಲೆಯನ್ನು ಕಳುಹಿಸಿದರು. ವ್ಯಕ್ತಿಯ ಹೆಸರಿಗೂ ಗಣಕದ ಹೆಸರಿಗೂ ನಡುವೆ ಸುರುಳಿಯಾಕಾರದ ‘ಅಟ್’ ಚಿಹ್ನೆಯನ್ನಿಟ್ಟವರೂ ಅವರೇ. ಈ ಓಲೆಯನ್ನು ಜನಸಾಮಾನ್ಯರಿಗೆ ಬಿಟ್ಟಿಯಾಗಿ ಒದಗಿಸಿದ ಮೊದಲಿಗರಲ್ಲಿ ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ ಒಬ್ಬರು. ಅವರು ಜ್ಯಾಕ್ ಸ್ಮಿತ್ ಎಂಬ ಗೆಳೆಯರೊಡನೆ 1996ರ ಜುಲೈ 4ರಂದು ಹಾಟ್‌ಮೇಲ್ ಸೇವೆಯನ್ನು ಆರಂಭಿಸಿದರು. ಮರುವರ್ಷವೇ ಅದು ಮೈಕ್ರೋಸಾಫ್ಟ್ ಸಂಸ್ಥೆಯ ಪಾಲಾಯಿತು. 2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆಯ ಜಿಮೇಲ್ ಬಂದಿತು. ಓಲೆಗೆ ಅಂಟಿಸಬೇಕಾದ ಅಂಚೆಚೀಟಿಯ ಕಾಸೂ ಇಲ್ಲದೆ ಜಗತ್ತಿನ ಮೂಲೆಮೂಲೆಗೆ ಮಾತು ಮುಟ್ಟುವಂತಾಯಿತು.

ಬಿಟ್ಟಿಯಾಗಿ ಬಂದುದಕ್ಕೂ ಒಂದು ಬೆಲೆ ಇದ್ದೇ ಇರುತ್ತದೆ. ಜಿಮೇಲ್ ತನ್ನ ಮೊದಲ ವರ್ಷಗಳಲ್ಲಿ ಓಲೆಗಳಲ್ಲಿನ ಪದಗಳನ್ನು ಯಂತ್ರದಿಂದ ಓದಿಸಿ, ಅವಕ್ಕೆ ಹೊಂದುವ ಜಾಹೀರಾತುಗಳನ್ನು ಪಕ್ಕದಲ್ಲಿ ತೋರಿಸುತ್ತಿತ್ತು. ಜಾಹೀರಾತಿಗಾಗಿ ಹೀಗೆ ಓದಿಸುವುದನ್ನು ನಿಲ್ಲಿಸುವುದಾಗಿ 2017ರಲ್ಲಿ ಗೂಗಲ್ ಸಾರಿತು. ಓದಿಸುವುದು ನಿಂತರೂ ಓದಬಲ್ಲ ಸಾಮರ್ಥ್ಯ ಹೋಗಲಿಲ್ಲ. ಓಲೆಯ ಪೆಟ್ಟಿಗೆಗೆ ಬೀಗವಿದೆ; ಬೀಗದ ಕೈ ಪೆಟ್ಟಿಗೆಯ ಒಡೆಯನ ಬಳಿ ಮಾತ್ರವಿರದೆ ಪೆಟ್ಟಿಗೆಯನ್ನು ಇಟ್ಟುಕೊಂಡವನ ಬಳಿಯೂ ಇದೆ. ಇದು ಒಂದು ಸಂಸ್ಥೆಯ ದೋಷವೆಂದು ಹೇಳುವಂತಿಲ್ಲ. ಲೋಕದಲ್ಲಿ ಬಳಕೆಯಲ್ಲಿರುವ ಹೆಚ್ಚಿನ ಮಿಂಚಂಚೆ ಸೇವೆಗಳ ಕಟ್ಟಡವೇ ಹೀಗಿದೆ.

ಇಷ್ಟೆಲ್ಲವನ್ನು ಸುಂಕದಕಟ್ಟೆಯ ಒಂದು ಅಡ್ಡರಸ್ತೆಯ ಹಿರಿಯರೊಬ್ಬರು ತಮ್ಮ ಎಪ್ಪತ್ತರ ವಯಸ್ಸಿನಲ್ಲಿ ಕುಳಿತು ಕಲಿಯಬೇಕಾಯಿತು. ಅವರು ಮಠದ ಶಾಲೆಯೊಂದರಲ್ಲಿ ಮೂರು ದಶಕಗಳ ಕಾಲ ಗಣಿತವನ್ನು ಬೋಧಿಸಿ ನಿವೃತ್ತರಾದವರು. ನಿವೃತ್ತಿಯ ತರುವಾಯ ಅದೇ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಕೋಶಾಧ್ಯಕ್ಷರು. ಕೇರಿಯವರಿಗೆಲ್ಲ ಅವರು ಮೇಷ್ಟ್ರು. ದತ್ತಿನಿಧಿಯ ಲೆಕ್ಕವನ್ನು ಕೆಂಪು ರಟ್ಟಿನ ಪುಸ್ತಕದಲ್ಲಿ ಕಾಸಿಗೆ ಕಾಸು ಬರೆದಿಡುವ ಪದ್ಧತಿ ಅವರದು. ಕಾಲಧರ್ಮಕ್ಕೆ ತಲೆಬಾಗಿ, ದಾನಿಗಳೊಡನೆ ಪತ್ರವ್ಯವಹಾರವನ್ನು ಮಾತ್ರ ಮೊಬೈಲಿನಲ್ಲಿರುವ ಮಿಂಚಂಚೆಯ ಮೂಲಕ ನಡೆಸುತ್ತಿದ್ದರು.

ಒಂದು ಬೆಳಗ್ಗೆ ಹೊರದೇಶದಲ್ಲಿ ನೆಲೆಸಿರುವ ಅವರ ಹಳೆಯ ಶಿಷ್ಯರೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. ಸಂಘದ ಬ್ಯಾಂಕ್ ಖಾತೆ ಬದಲಾಗಿದೆಯೆಂದೂ, ಈ ವರ್ಷದ ದತ್ತಿಯ ಹಣವನ್ನು ಹೊಸ ಖಾತೆಗೆ ಬೇಗನೆ ಕಳುಹಿಸಬೇಕೆಂದೂ ಮೇಷ್ಟ್ರ ಹೆಸರಿನಲ್ಲಿ ಅವರಿಗೆ ಓಲೆ ಹೋಗಿತ್ತು. ದತ್ತಿಯ ಮೊಬಲಗು ಸರಿಯಾಗಿತ್ತು. ಅದು ಯಾರ ಸ್ಮರಣಾರ್ಥವಾದುದೆಂಬುದೂ ಸರಿಯಾಗಿತ್ತು. ಶಿಷ್ಯರಿಗೆ ಸಂದೇಹ ಬರಲು ಕಾರಣವಾದುದು ಒಂದೇ ಒಂದು ಸಂಬೋಧನೆ.

‘ಮೇಷ್ಟ್ರೇ, ಓಲೆಯಲ್ಲಿ ನನ್ನನ್ನು ಗೌರವಾನ್ವಿತ ದಾನಿಗಳೇ ಎಂದು ಕರೆದಿದೆ. ನಲವತ್ತು ವರ್ಷದಿಂದ ನೀವು ನನ್ನನ್ನು ಏನೋ ಮರಿ ಎಂದೇ ಕರೆದವರು. ಇದು ನಿಮ್ಮದಲ್ಲವೆಂದು ಆಗಲೇ ತಿಳಿಯಿತು’ ಎಂದರು ಶಿಷ್ಯರು.

ಹಣ ಹೋಗಲಿಲ್ಲ. ಆದರೆ ಮೇಷ್ಟ್ರಿಗೆ ಆ ದಿನ ಊಟ ರುಚಿಸಲಿಲ್ಲ. ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು ಆ ಓಲೆಯ ಪ್ರತಿಯನ್ನು ತರಿಸಿ ನೋಡಿದಳು. ಕಳುಹಿಸಿದವರ ವಿಳಾಸದಲ್ಲಿ ಒಂದು ಅಕ್ಷರ ಮಾತ್ರ ಬೇರೆಯಾಗಿತ್ತು. ಬರಿಗಣ್ಣು ಅದನ್ನು ಹಿಡಿಯುವುದು ಕಷ್ಟ. ‘ತಾತ, ವಿಳಾಸ ನಕಲಿ ಸರಿ. ಆದರೆ ದತ್ತಿಯ ವಿವರ ಅವರಿಗೆ ಹೇಗೆ ತಿಳಿಯಿತು? ಯಾರೋ ನಿಮ್ಮ ಪೆಟ್ಟಿಗೆಯನ್ನು ಓದಿದ್ದಾರೆ’ ಎಂದಳು. ಖಾತೆಯ ಭದ್ರತಾ ಪುಟವನ್ನು ತೆರೆದಾಗ, ಬಂದ ಓಲೆಗಳನ್ನು ಅಂದವಾಗಿ ಜೋಡಿಸಿಕೊಡುತ್ತೇನೆಂಬ ಒಂದು ಆ್ಯಪಿಗೆ ಸಮಸ್ತ ಓಲೆಗಳನ್ನೂ ಓದುವ ಅನುಮತಿ ದೊರೆತಿರುವುದು ಕಂಡಿತು. ಮೊಬೈಲನ್ನು ಕೊಂಡ ದಿನ ಅಂಗಡಿಯ ಹುಡುಗ ಉಪಕಾರವೆಂದು ಹಾಕಿಕೊಟ್ಟಿದ್ದುದು ಅದು. ಸುದ್ದಿ ಸೋರಿದ್ದು ಅದರಿಂದಲೇ ಎಂದು ಸಾಧಿಸಲು ಸಾಕ್ಷ್ಯವಿರಲಿಲ್ಲ. ಅದರಿಂದಲ್ಲವೆಂದು ನಂಬಲು ಕಾರಣವೂ ಇರಲಿಲ್ಲ.

ಅಂದು ಮೇಷ್ಟ್ರು ತಮ್ಮ ಪೆಟ್ಟಿಗೆಯಲ್ಲಿ ಏನೇನಿದೆಯೆಂದು ಮೊದಲ ಬಾರಿಗೆ ಎಣಿಸಿ ನೋಡಿದರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ಅಂಕಪಟ್ಟಿಗಳು, ಜಾತಿ ಮತ್ತು ವರಮಾನದ ದೃಢೀಕರಣ ಪತ್ರಗಳು, ಆಧಾರ್ ಚೀಟಿಯ ಪ್ರತಿಗಳು, ತಾಯಂದಿರ ಬ್ಯಾಂಕ್ ಪುಸ್ತಕದ ಮೊದಲ ಪುಟಗಳು. ಇವುಗಳ ನಡುವೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಓಲೆಯೂ ಇತ್ತು. ತಂದೆ ಕುಡಿತಕ್ಕೆ ಬಿದ್ದಿದ್ದಾನೆ. ತಾಯಿ ಪೀಣ್ಯದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ವೇತನದ ಹಣ ತಂದೆಯ ಖಾತೆಗೆ ಹೋದರೆ ಶುಲ್ಕ ಕಟ್ಟಲು ಏನೂ ಉಳಿಯದು. ದಯವಿಟ್ಟು ತಾಯಿಯ ಖಾತೆಗೆ ಹಾಕಬೇಕು, ಹೀಗೆ ಬರೆದದ್ದು ಮನೆಯಲ್ಲಿ ತಿಳಿದರೆ ತಾಯಿಗೆ ಏಟು ಬೀಳುತ್ತದೆ ಎಂದು ಆಕೆ ಬರೆದಿದ್ದಳು.

‘ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?’ ಎಂದು ಕೇಳುವ ಸಜ್ಜನರು ಬಹಳ ಮಂದಿ ಇದ್ದಾರೆ. ಮೇಷ್ಟ್ರೂ ಹಾಗೆಯೇ ಹೇಳುತ್ತಿದ್ದವರು. ಆ ಹುಡುಗಿಯ ಓಲೆಯನ್ನು ಮತ್ತೆ ಓದಿದ ಮೇಲೆ ಆ ಮಾತು ಅವರ ಬಾಯಿಂದ ಬರಲಿಲ್ಲ. ಪೆಟ್ಟಿಗೆ ತಮ್ಮದಾದರೂ ಅದರೊಳಗಿನ ಗುಟ್ಟು ತಮ್ಮದಲ್ಲ, ನಂಬಿ ಕೊಟ್ಟವರದು. ದತ್ತಿಯ ಹಣದ ಒಂದು ರೂಪಾಯಿಗೆ ಲೆಕ್ಕ ಕೊಡಬೇಕಾದ ಕೋಶಾಧ್ಯಕ್ಷನು ಈ ಗುಟ್ಟಿಗೂ ಲೆಕ್ಕ ಕೊಡಬೇಕಲ್ಲವೇ? ಭದ್ರವಾದ ಮಿಂಚಂಚೆಯ ಆ್ಯಪ್ ಯಾವುದು ಎಂಬ ಹುಡುಕಾಟಕ್ಕೆ ಅವರು ಇಳಿದುದು ಈ ಕಾರಣದಿಂದ.

ಸಲಹೆಗಳಿಗೆ ಬರವಿರಲಿಲ್ಲ. ಈಗಿರುವುದೇ ಸಾಕೆಂದ ಮಗ. ಸ್ವಿಟ್ಜರ್ಲೆಂಡಿನದೇ ಆಗಬೇಕೆಂದ ಪಕ್ಕದ ಮನೆಯ ತರುಣ. ಸ್ವದೇಶಿಯದೇ ಲೇಸೆಂದ ಸಂಘದ ಅಧ್ಯಕ್ಷರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹಸಚಿವ ಅಮಿತ್ ಶಾ ಅವರೇ ತಮ್ಮ ಮಿಂಚಂಚೆಯನ್ನು ಚೆನ್ನೈ ಮೂಲದ ಜೋಹೋ ಸೇವೆಗೆ ಬದಲಾಯಿಸಿದ ಸುದ್ದಿಯನ್ನು ಅಧ್ಯಕ್ಷರು ಪ್ರಮಾಣವಾಗಿ ಮುಂದಿಟ್ಟರು. ಆದರೆ ಗಣಿತದ ಮೇಷ್ಟ್ರು ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ಸರಿಯಾಗಿ ಬರೆದುಕೊಳ್ಳುವವರು. ಓಲೆಗೆ ಬರುವ ಅಪಾಯಗಳು ಎಷ್ಟು, ಯಾವುವು? ಈ ಪ್ರಶ್ನೆಗೆ ಉತ್ತರ ಕನ್ನಡಿಗರ ಹಳೆಯ ಕಥೆಗಳಲ್ಲೇ ಇದೆ.

ಮೊದಲನೆಯದು, ಒಯ್ಯುವವನೇ ಓಲೆಯ ಸುದ್ದಿಯನ್ನು ತಿಳಿದುಕೊಳ್ಳುವ ಅಪಾಯ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಸೀಮೆಯಲ್ಲಿ ಅಂಚೆಯನ್ನು ವ್ಯವಸ್ಥೆಗೊಳಿಸಿದರು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಬೆರೆಯುವವರೆಗೂ ಅದು ಸಂಸ್ಥಾನದ ಸ್ವಂತ ಅಂಚೆಯಾಗಿ ನಡೆದು ಬಂದಿತು. ಓಲೆಗಳನ್ನು ಮುಟ್ಟಿಸುವುದಷ್ಟೇ ಅದರ ಕೆಲಸವಾಗಿರಲಿಲ್ಲ. ಚಿಕ್ಕದೇವರಾಜರ ಅಂಚೆಯ ಅಧಿಕಾರಿಗಳು ತಮ್ಮ ಸುತ್ತಿನಲ್ಲಿ ನಡೆಯುವುದನ್ನೆಲ್ಲ ಅರಮನೆಗೆ ತಿಳಿಸುವ ಆಪ್ತ ವರದಿಗಾರರೂ ಆಗಿದ್ದರು. ಓಲೆಯನ್ನು ಒಯ್ಯುವ ಕೈ ಮತ್ತು ಸುದ್ದಿಯನ್ನು ಸಂಗ್ರಹಿಸುವ ಕಣ್ಣು ಒಂದೇ ದೇಹದಲ್ಲಿದ್ದುವು.

ಎರಡನೆಯದು, ದಾರಿಯಲ್ಲಿ ಓಲೆಯನ್ನು ತಿದ್ದುವ ಅಪಾಯ. ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಓಲೆಯನ್ನು ತಂದವನಿಗೆ ವಿಷವನ್ನು ಕೊಡೆಂದು ದುಷ್ಟಬುದ್ಧಿ ಮಗನಿಗೆ ಬರೆದಿದ್ದನು. ಉದ್ಯಾನದಲ್ಲಿ ಮಲಗಿದ್ದ ಚಂದ್ರಹಾಸನ ಬಳಿಯಿದ್ದ ಆ ಓಲೆಯನ್ನು ಬಿಚ್ಚಿ ಓದಿದ ಮಂತ್ರಿಪುತ್ರಿ, ‘ವಿಷ’ ಎಂದಿದ್ದುದು ತನ್ನ ಹೆಸರಾದ ‘ವಿಷಯೆ’ ಆಗುವಂತೆ ತಿದ್ದಿದಳು. ಸಾವಿನ ಓಲೆ ಮದುವೆಯ ಓಲೆಯಾಯಿತು. ಕಥೆಯಲ್ಲಿ ತಿದ್ದಿದ ಕೈ ಒಲವಿನದಾದುದರಿಂದ ಕೇಳುವವರಿಗೆ ಸಂತೋಷ. ತಿದ್ದುವ ಕೈ ವಂಚಕನದಾಗಿ, ತಿದ್ದಿದ್ದು ಬ್ಯಾಂಕಿನ ಖಾತೆಯ ಸಂಖ್ಯೆಯಾದರೆ ಸಂತೋಷಕ್ಕೆ ಎಡೆಯಿಲ್ಲ.

ಮೂರನೆಯದು, ಮುದ್ರೆಯೇ ಕಳುವಾಗುವ ಅಪಾಯ. ಕೆಂಪುನಾರಾಯಣನು 1823ರಲ್ಲಿ ಬರೆದ ಮುದ್ರಾಮಂಜೂಷಕ್ಕೆ ವಿಶಾಖದತ್ತನ ಮುದ್ರಾರಾಕ್ಷಸದ ಕಥೆಯೇ ಆಧಾರ. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕಿತು. ಚಾಣಕ್ಯನು ಉಪಾಯದಿಂದ ಒಂದು ಓಲೆಯನ್ನು ಬರೆಯಿಸಿ, ಆ ಉಂಗುರದಿಂದ ಮುದ್ರೆಯೊತ್ತಿಸಿದನು. ಮುದ್ರೆ ನಿಜವಾದುದು, ಓಲೆ ಸುಳ್ಳು. ಮುದ್ರೆಯನ್ನು ನೋಡಿದವರು ಓಲೆಯನ್ನು ನಂಬಿದರು, ರಾಕ್ಷಸನಂತಹ ನಿಷ್ಠಾವಂತನು ದ್ರೋಹಿಯೆನಿಸಿದನು. ಇಂದಿನ ಪಾಸ್‌ವರ್ಡ್ ಎಂಬುದು ಆ ಉಂಗುರವಲ್ಲದೆ ಮತ್ತೇನು? ಮೇಷ್ಟ್ರ ಹೆಸರಿನಲ್ಲಿ ಹೋದ ಓಲೆಯಲ್ಲಿ ಉಂಗುರದ ನಕಲನ್ನು ಮಾತ್ರ ಬಳಸಲಾಗಿತ್ತು. ಉಂಗುರವೇ ಹೋಗಿದ್ದರೆ ವಿಳಾಸದ ಅಕ್ಷರವನ್ನು ನೋಡಿ ಸುಳ್ಳನ್ನು ಹಿಡಿಯುವ ದಾರಿಯೂ ಇರುತ್ತಿರಲಿಲ್ಲ.

ಈ ಮೂರನ್ನು ಕಾಗದದ ಮೇಲೆ ಬರೆದುಕೊಂಡ ತರುವಾಯ ಹುಡುಕಾಟ ಹಗುರವಾಯಿತು. ಮೊಮ್ಮಗಳು ಮೊದಲು ತಿಳಿಸಿದ್ದು ಒಂದು ಭೇದವನ್ನು. ಅಂಚೆಮನೆ ಬೇರೆ, ಅಂಚೆಯ ಚೀಲ ಬೇರೆ. ಜಿಮೇಲ್, ಜೋಹೋ, ಪ್ರೋಟಾನ್ ಇವು ಓಲೆಗಳನ್ನು ಇಟ್ಟುಕೊಳ್ಳುವ ಅಂಚೆಮನೆಗಳು. ಮೊಬೈಲಿನಲ್ಲಿ ಓಲೆಯನ್ನು ತೆರೆದು ತೋರಿಸುವ ಆ್ಯಪ್ ಚೀಲ. ಅಂಚೆಮನೆಯವರೇ ಹೊಲಿದ ಚೀಲವನ್ನು ಬಳಸಿದರೆ ನಂಬಬೇಕಾದವರು ಒಬ್ಬರೇ. ಮೂರನೆಯವರ ಚೀಲವಾದರೆ ನಂಬಬೇಕಾದವರು ಇಬ್ಬರು. ಏಕೆಂದರೆ ಅಂತಹ ಕೆಲವು ಆ್ಯಪ್‌ಗಳು ಓಲೆಯನ್ನು ತಮ್ಮ ಗಣಕಗಳ ಮೂಲಕ ಹಾಯಿಸಿಕೊಳ್ಳುತ್ತವೆ. ಮೂರನೆಯವರದೆಲ್ಲ ಕೆಟ್ಟದ್ದೆಂದೂ ಹೇಳಲಾಗದು. 2024ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಮೊಬೈಲುಗಳಿಗೆ ಬಂದ ಥಂಡರ್‌ಬರ್ಡ್ ಎಂಬ ಆ್ಯಪಿನ ಒಳಗಿನ ಬರಹವೆಲ್ಲ ಬಯಲಿನಲ್ಲಿದೆ. ಬಲ್ಲವರು ಯಾರು ಬೇಕಾದರೂ ಹೊಲಿಗೆಯನ್ನು ಬಿಚ್ಚಿ ಪರೀಕ್ಷಿಸಬಹುದು. ಅದು ಓಲೆಯನ್ನು ಅಂಚೆಮನೆಯಿಂದ ನೇರವಾಗಿ ಮೊಬೈಲಿಗೆ ತರುತ್ತದೆ.

ಎರಡನೆಯ ಭೇದ ಇನ್ನೂ ಮುಖ್ಯವಾದುದು. ‘ನಮ್ಮ ಸೇವೆಯಲ್ಲಿ ಎನ್‌ಕ್ರಿಪ್ಶನ್ ಇದೆ’ ಎಂದು ಎಲ್ಲರೂ ಸಾರುತ್ತಾರೆ. ಎನ್‌ಕ್ರಿಪ್ಶನ್ ಎಂದರೆ ಓಲೆಯನ್ನು ಗೂಢಲಿಪಿಯಾಗಿಸುವುದು. ಅದರಲ್ಲಿ ಎರಡು ಬಗೆ. ಒಂದರಲ್ಲಿ ದಾರಿಯುದ್ದಕ್ಕೂ ಓಲೆ ಬೀಗದ ಪೆಟ್ಟಿಗೆಯಲ್ಲಿ ಸಾಗುತ್ತದೆ, ಅಂಚೆಮನೆಯಲ್ಲಿಯೂ ಬೀಗ ಹಾಕಿಯೇ ಇಡುತ್ತಾರೆ. ಆದರೆ ಬೀಗದ ಕೈ ಅಂಚೆಮನೆಯವರ ಬಳಿಯೂ ಇರುತ್ತದೆ. ದಾರಿಗಳ್ಳರಿಗೂ ಓಲೆಯನ್ನು ನಡುವೆ ತಿದ್ದುವವರಿಗೂ ಇದು ತಡೆಯಾಗುತ್ತದೆ. ಇನ್ನೊಂದು ಬಗೆಯಲ್ಲಿ ಬರೆದವನ ಮೊಬೈಲಿನಲ್ಲೇ ಓಲೆ ಗೂಢಲಿಪಿಯಾಗಿ, ಪಡೆದವನ ಮೊಬೈಲಿನಲ್ಲಿ ಮಾತ್ರ ತಿಳಿಯಾಗುತ್ತದೆ. ನಡುವಿನ ಅಂಚೆಮನೆಗೆ ಅದು ಅರ್ಥವಿಲ್ಲದ ಅಕ್ಷರರಾಶಿ. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಎಂಬವರು ಪಿಜಿಪಿ ಎಂಬ ತಂತ್ರಾಂಶದ ಮೂಲಕ ಈ ವಿದ್ಯೆಯನ್ನು ಸಾಮಾನ್ಯರ ಕೈಗೆ ತಂದರು. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ವಿಜ್ಞಾನಿಗಳು 2014ರಲ್ಲಿ ಜಿನೀವಾ ನಗರದಲ್ಲಿ ಹುಟ್ಟುಹಾಕಿದ ಪ್ರೋಟಾನ್ ಮೇಲ್, ಜರ್ಮನಿಯ ಟೂಟಾ ಇವು ಈ ಎರಡನೆಯ ಬಗೆಯವು.

ಹಾಗಾದರೆ ಪ್ರೋಟಾನನ್ನೇ ಹಾಕಿಕೊಂಡರೆ ಮುಗಿಯಿತಲ್ಲ ಎಂದು ಮೇಷ್ಟ್ರು ಕೇಳಿದರು. ಮುಗಿಯಲಿಲ್ಲ. ಇಬ್ಬರೂ ಅದೇ ಸೇವೆಯಲ್ಲಿದ್ದರೆ ಮಾತ್ರ ಈ ರಕ್ಷಣೆ ತಾನಾಗಿ ಒದಗುತ್ತದೆ. ಪ್ರೋಟಾನಿನಿಂದ ಜಿಮೇಲಿಗೆ ಹೋದ ಸಾಧಾರಣ ಓಲೆಯನ್ನು ಗೂಗಲ್ ಸಂಸ್ಥೆಯ ಯಂತ್ರ ಓದಬಲ್ಲದು. ತಡೆಯಬೇಕಾದರೆ ಓಲೆಗೆ ಪ್ರತ್ಯೇಕವಾದ ಗುಪ್ತಪದವನ್ನು ಹಾಕಿ, ಆ ಪದವನ್ನು ಬೇರೆ ದಾರಿಯಿಂದ ತಿಳಿಸಬೇಕು. ಪ್ರೋಟಾನಿನಲ್ಲಿ ಓಲೆಯ ಒಡಲು ಗೂಢವಾದರೂ ವಿಷಯದ ಸಾಲು ಹಾಗೂ ಯಾರಿಂದ ಯಾರಿಗೆ ಎಂಬ ವಿಳಾಸಗಳು ಆ ಬಗೆಯಲ್ಲಿ ಗೂಢವಾಗುವುದಿಲ್ಲ. ಟೂಟಾ ಸೇವೆ ವಿಷಯದ ಸಾಲನ್ನೂ ಮುಚ್ಚುತ್ತದೆ. ಅಷ್ಟೇ ಅಲ್ಲದೆ ಯಾವ ಅಂಚೆಮನೆಯೂ ತಾನಿರುವ ನಾಡಿನ ಕಾನೂನನ್ನು ಮೀರಲಾರದು. 2021ರಲ್ಲಿ ಸ್ವಿಟ್ಜರ್ಲೆಂಡಿನ ಅಧಿಕಾರಿಗಳ ಆದೇಶಕ್ಕೆ ಒಳಪಟ್ಟು ಪ್ರೋಟಾನ್ ಸಂಸ್ಥೆ ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರರ ಅಂತರ್ಜಾಲ ವಿಳಾಸವನ್ನು ಒಪ್ಪಿಸಬೇಕಾಯಿತು. ಓಲೆಯ ಒಳಗು ಮಾತ್ರ ಅವರಿಗೂ ತೆರೆಯದ್ದಾಗಿತ್ತು.

ಇಲ್ಲಿ ಇನ್ನೊಂದು ಆಕ್ಷೇಪವನ್ನು ನ್ಯಾಯವಾಗಿ ಪರಿಶೀಲಿಸಬೇಕು. ಸಜ್ಜನರ ಗುಟ್ಟನ್ನು ಕಾಯುವ ಬೀಗ ದುರ್ಜನರ ಮುಖವನ್ನೂ ಮರೆಮಾಡುವುದಿಲ್ಲವೇ? 2023ರ ಡಿಸೆಂಬರ್ 1ರಂದು ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬು ಇಟ್ಟಿರುವುದಾಗಿ ಹುಸಿ ಬೆದರಿಕೆಯ ಮಿಂಚಂಚೆ ಬಂದಿತು; ಬಸವೇಶ್ವರನಗರದ ಶಾಲೆಯೂ ಅವುಗಳಲ್ಲಿ ಸೇರಿತ್ತು. 2025ರ ಜುಲೈ 18ರಂದು ರಾಜರಾಜೇಶ್ವರಿನಗರ, ಕೆಂಗೇರಿ ಮೊದಲಾದ ಕಡೆಗಳ ಸುಮಾರು 40 ಶಾಲೆಗಳಿಗೆ ಮತ್ತೆ ಅದೇ ಬಗೆಯ ಓಲೆ ಬಂದಿತು. ಮಕ್ಕಳನ್ನು ಹೊರಗೆ ಕರೆತಂದು ಅಂಗಳದಲ್ಲಿ ನಿಲ್ಲಿಸಿದ ಅಧ್ಯಾಪಕರಿಗೂ, ಕೆಲಸವನ್ನು ಬಿಟ್ಟು ಓಡಿಬಂದ ತಂದೆತಾಯಿಗಳಿಗೂ ಆ ಹೊತ್ತಿನ ಸಂಕಟ ಮರೆಯುವಂಥದ್ದಲ್ಲ. ಮುಖ ತೋರದ ಓಲೆಯ ಕೇಡು ಎಷ್ಟೆಂಬುದನ್ನು ಶಾಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕದ ಉಚ್ಚ ನ್ಯಾಯಾಲಯವೂ ಈ ಪ್ರಶ್ನೆಯನ್ನು ಎದುರಿಸಿತು. ಪ್ರೋಟಾನ್ ಮೇಲ್ ಮೂಲಕ ತಮ್ಮ ಉದ್ಯೋಗಿನಿಯರ ವಿರುದ್ಧ ಅಶ್ಲೀಲ ಓಲೆಗಳು ಬರುತ್ತಿವೆಯೆಂದು ಒಂದು ಸಂಸ್ಥೆ ದೂರಿಕೊಂಡಿತ್ತು. ಆ ಅರ್ಜಿಯ ಮೇಲೆ 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಗೆ ಅನುಸಾರವಾಗಿ ಆ ಸೇವೆಯನ್ನು ತಡೆಯುವ ಕ್ರಮವನ್ನು ಆರಂಭಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿದರು. ಹೆಣ್ಣುಮಕ್ಕಳ ಮಾನದ ಪ್ರಶ್ನೆ ಬಂದಾಗ ನ್ಯಾಯಾಲಯವು ಸುಮ್ಮನಿರಲಾರದೆಂಬುದು ಸಹಜ.

ಇನ್ನೊಂದು ತಕ್ಕಡಿಯಲ್ಲಿ ಮತ್ತೊಂದು ತೀರ್ಪಿದೆ. ಅದನ್ನು ಪಡೆಯಲು ಕಾರಣರಾದವರೂ ಬೆಂಗಳೂರಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಆ ಮೊಕದ್ದಮೆಯಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು. 2024ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರಿನಿಂದಲೇ ಆ ತೀರ್ಪು ಲೋಕದಲ್ಲೆಲ್ಲ ಪ್ರಸಿದ್ಧವಾಗಿದೆ. ಬಾಗಿಲಿಗೆ ಅಗುಳಿ ಇರುವುದು ಮನೆಯವರ ಹಕ್ಕು. ಅಗುಳಿಯ ಹಿಂದೆ ಕೇಡು ನಡೆದರೆ ಬಾಗಿಲನ್ನು ತೆರೆಸುವುದು ನ್ಯಾಯದ ಹಕ್ಕು. ಎರಡೂ ಸತ್ಯ. ಕಳ್ಳರಿದ್ದಾರೆಂದು ಊರಿನ ಎಲ್ಲ ಅಗುಳಿಗಳನ್ನೂ ಕೀಳಿಸಲಾಗದು. ಅಗುಳಿಯಿದೆಯೆಂದು ಕಳ್ಳನನ್ನು ಬಿಡಲೂ ಆಗದು. ಭದ್ರವಾದ ಆ್ಯಪನ್ನು ಆರಿಸುವವನು ಇದನ್ನು ಅರಿತಿರಬೇಕು. ಕಾನೂನಿನ ಕ್ರಮದಿಂದ ಒಂದು ಸೇವೆಯ ಬಾಗಿಲು ಎಂದಾದರೂ ಮುಚ್ಚಬಹುದಾದುದರಿಂದ, ಸಂಘದ ಕಾಗದಪತ್ರಗಳಿಗೆ ಅದೊಂದೇ ನೆಲೆಯಾಗದಂತೆ ಪ್ರತಿಗಳನ್ನು ಬೇರೆ ಕಡೆ ಇಟ್ಟಿರಬೇಕು.

ಮೇಷ್ಟ್ರು ಕೊನೆಗೆ ಮಾಡಿದ ತೀರ್ಮಾನ ಹೀಗಿದೆ. ದಾನಿಗಳೊಡನೆ ನಡೆಯುವ ಸಾಧಾರಣ ವ್ಯವಹಾರಕ್ಕೆ ಹಳೆಯ ವಿಳಾಸವನ್ನೇ ಉಳಿಸಿಕೊಂಡರು; ನೂರಾರು ಜನರಿಗೆ ಪರಿಚಿತವಾದ ವಿಳಾಸವನ್ನು ಬದಲಾಯಿಸಿದರೆ ವಂಚಕರಿಗೆ ಹೊಸದೊಂದು ಅವಕಾಶವಾಗುತ್ತದೆ. ಆದರೆ ಅದನ್ನು ತೆರೆಯಲು ಆ ಸೇವೆಯವರ ಸ್ವಂತ ಆ್ಯಪನ್ನು ಬಿಟ್ಟು ಬೇರಾವುದನ್ನೂ ಇಟ್ಟುಕೊಳ್ಳಲಿಲ್ಲ. ಅಂಗಡಿಯ ಹುಡುಗ ಹಾಕಿದ ಆ್ಯಪನ್ನು ತೆಗೆದುಹಾಕಿದರು. ಆ್ಯಪನ್ನು ತೆಗೆದರೂ ಅದಕ್ಕೆ ಕೊಟ್ಟ ಅನುಮತಿ ಉಳಿದಿರುವುದುಂಟೆಂದು ಮೊಮ್ಮಗಳು ಹೇಳಿದುದರಿಂದ, ಖಾತೆಯೊಳಗೆ ಹೋಗಿ ಆ ಅನುಮತಿಯನ್ನೂ ರದ್ದುಮಾಡಿದರು. ಪಾಸ್‌ವರ್ಡನ್ನು ಬದಲಾಯಿಸಿ, ಎರಡು ಹಂತದ ಪರಿಶೀಲನೆಯನ್ನು ಹೂಡಿದರು. ಇದರಿಂದ ಉಂಗುರ ಕಳುವಾದರೂ ಮುದ್ರೆ ಬೀಳಲು ಇನ್ನೊಂದು ಗುರುತು ಬೇಕಾಗುತ್ತದೆ. ಆ ಗುರುತಿನ ಸಂಖ್ಯೆ ಎಸ್ಸೆಮ್ಮೆಸ್ಸಿನಲ್ಲಿ ಬರುವುದಕ್ಕಿಂತ ಮೊಬೈಲಿನಲ್ಲಿರುವ ದೃಢೀಕರಣದ ಆ್ಯಪಿನಲ್ಲಿ ಹುಟ್ಟುವುದು ಲೇಸು. ಸಿಮ್ ಕಾರ್ಡನ್ನೇ ವಂಚನೆಯಿಂದ ಬದಲಾಯಿಸಿಕೊಳ್ಳುವವರೂ ಇದ್ದಾರೆ.

ಮಕ್ಕಳ ದಾಖಲೆಗಳಿಗೆ ಬೇರೆಯೇ ವ್ಯವಸ್ಥೆಯಾಯಿತು. ಅವುಗಳಿಗಾಗಿ ಕಡೆಯಿಂದ ಕಡೆಯವರೆಗೆ ಗೂಢವಾಗಿರುವ ಸೇವೆಯೊಂದರಲ್ಲಿ ಕೋಶಾಧ್ಯಕ್ಷರೂ ಕಾರ್ಯದರ್ಶಿಗಳೂ ಎರಡು ವಿಳಾಸಗಳನ್ನು ತೆರೆದರು. ಅವರಿಬ್ಬರ ನಡುವೆ ಮಾತ್ರ ಹೋಗಿಬರುವ ಓಲೆಗಳಾದುದರಿಂದ ಅಲ್ಲಿ ಆ ರಕ್ಷಣೆ ಪೂರ್ಣವಾಗಿ ಸಲ್ಲುತ್ತದೆ. ಪರಿಶೀಲನೆ ಮುಗಿದ ಅರ್ಜಿಗಳ ಪ್ರತಿಗಳನ್ನು ವರ್ಷಕ್ಕೊಮ್ಮೆ ಅಳಿಸಿಹಾಕುವ ನಿಯಮವನ್ನೂ ಮಾಡಿಕೊಂಡರು. ಅರ್ಜಿಯ ಕಾಗದಗಳನ್ನು ಸಾಧ್ಯವಾದಷ್ಟು ಕೈಯಿಂದ ಕೈಗೇ ಪಡೆದುಕೊಳ್ಳುವುದೆಂದೂ ಆಯಿತು. ಇಲ್ಲದ ಓಲೆಯನ್ನು ಯಾರೂ ಕದಿಯಲಾರರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಯಾವ ಉದ್ದೇಶಕ್ಕೆ ಪಡೆದುದೋ ಆ ಉದ್ದೇಶ ತೀರಿದ ಮೇಲೆ ಇಟ್ಟುಕೊಳ್ಳಬಾರದು, ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಬೇಕು.

ಮೊಬೈಲಿಗೂ ಕೆಲವು ಕಟ್ಟಳೆಗಳು ಬಂದವು. ಪರದೆಗೆ ಬೀಗ, ತಯಾರಕರು ಕಳುಹಿಸುವ ಭದ್ರತೆಯ ಪರಿಷ್ಕರಣೆಯನ್ನು ಮುಂದೂಡದಿರುವುದು, ಆ ಪರಿಷ್ಕರಣೆ ನಿಂತುಹೋದ ಹಳೆಯ ಮೊಬೈಲಿನಲ್ಲಿ ಸಂಘದ ಓಲೆಯನ್ನು ತೆರೆಯದಿರುವುದು. ಅಪರಿಚಿತರ ಓಲೆಗಳಲ್ಲಿ ಚಿತ್ರಗಳು ತಾವಾಗಿ ತೆರೆದುಕೊಳ್ಳದಂತೆ ಆ್ಯಪಿನಲ್ಲಿ ನಿಲ್ಲಿಸಿಟ್ಟರು; ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಓಲೆಯಲ್ಲಿ ಅಡಗಿಸಿ, ಅದನ್ನು ಯಾವಾಗ ತೆರೆದರೆಂಬುದನ್ನು ತಿಳಿದುಕೊಳ್ಳುವ ಉಪಾಯ ವ್ಯಾಪಾರಿಗಳಲ್ಲಿ ಬಳಕೆಯಲ್ಲಿದೆ. ಹಣ ಕಳೆದುಹೋದರೆ ತಡಮಾಡದೆ ಕರೆಯಬೇಕಾದ 1930 ಎಂಬ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯನ್ನು ಕೆಂಪು ರಟ್ಟಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರು.

ಇವೆಲ್ಲಕ್ಕಿಂತ ಬಲವಾದ ಏರ್ಪಾಡಿಗೆ ಆ್ಯಪ್ ಬೇಕಾಗಲಿಲ್ಲ. ಸಂಘದ ಖಾತೆಯ ಬದಲಾವಣೆಯನ್ನು ಮಿಂಚಂಚೆಯ ಮೂಲಕ ಎಂದೂ ತಿಳಿಸುವುದಿಲ್ಲ, ಅಂತಹ ಓಲೆ ಬಂದರೆ ದಾನಿಗಳು ಕೋಶಾಧ್ಯಕ್ಷರಿಗೋ ಶಾಲೆಯ ಕಚೇರಿಗೋ ಕರೆ ಮಾಡಿ ಧ್ವನಿಯನ್ನು ಕೇಳಿದ ಮೇಲೆಯೇ ನಂಬಬೇಕು ಎಂದು ಕಾರ್ಯಕಾರಿ ಸಮಿತಿ ನಿರ್ಣಯಿಸಿತು. ಧ್ವನಿಯನ್ನೂ ಯಂತ್ರಗಳು ಅನುಕರಿಸುವ ಕಾಲ ಬಂದಿದೆಯಾದುದರಿಂದ, ಬಂದ ಕರೆಯನ್ನು ನಂಬದೆ ದಾನಿಗಳೇ ತಮಗೆ ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ಕರೆಮಾಡಬೇಕೆಂಬ ಮಾತನ್ನು ಮೊಮ್ಮಗಳ ಸೂಚನೆಯಂತೆ ನಿರ್ಣಯಕ್ಕೆ ಸೇರಿಸಿದರು. ಹೊರದೇಶದ ಶಿಷ್ಯರ ಹಣವನ್ನು ಉಳಿಸಿದುದು ಗುರುಶಿಷ್ಯರ ನಡುವಿನ ಹಳೆಯ ಸಲುಗೆಯ ಒಂದು ಮಾತು. ಅಂತಹ ಪರಿಚಯವನ್ನು ಯಾವ ಕಂಪನಿಯೂ ಮಾರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ದಾನಿಗಳೊಡನೆ ಮಾತನಾಡುವ ಸಂಘಕ್ಕೆ ಅದು ತಾನಾಗಿ ಇರುತ್ತದೆ.

ಇನ್ನು ಆ ಹುಡುಗಿಯ ಮಾತು. ಅವಳ ಓಲೆಯನ್ನು ಮೇಷ್ಟ್ರು ಹಳೆಯ ಪೆಟ್ಟಿಗೆಯಿಂದಲೂ ಅಳಿಸಿದ ಓಲೆಗಳ ಬುಟ್ಟಿಯಿಂದಲೂ ತೆಗೆದುಹಾಕಿದರು. ಮರುದಿನ ಶಾಲೆಗೆ ಹೋಗಿ, ಪ್ರಧಾನ ಅಧ್ಯಾಪಕಿಯವರ ಕೊಠಡಿಗೆ ಅವಳನ್ನು ಕರೆಸಿದರು. ‘ಹಣ ತಾಯಿಯ ಖಾತೆಗೇ ಬರುತ್ತದೆ ಮಗೂ. ಇನ್ನು ಮುಂದೆ ಇಂಥ ಮಾತು ಇದ್ದರೆ ಬರೆಯಬೇಡ. ಮೇಡಮ್ಮಿನ ಹತ್ತಿರವೋ ನನ್ನ ಹತ್ತಿರವೋ ಬಂದು ಹೇಳು’ ಎಂದರು. ಆಕೆ ತಲೆಯಾಡಿಸಿ, ಗಣಿತದಲ್ಲಿ ಒಂದು ಲೆಕ್ಕ ತಿಳಿಯುತ್ತಿಲ್ಲವೆಂದಳು. ಮೇಷ್ಟ್ರು ಕನ್ನಡಕವನ್ನು ಏರಿಸಿಕೊಂಡು ಪುಸ್ತಕವನ್ನು ತೆಗೆದುಕೊಂಡರು.